ಪುಟ್ಟಿಯ ಹುಟ್ಟುಹಬ್ಬದ ಲೆಕ್ಕ

ಸಾಗರ

ಚಿ. ಸೌ. ಶ್ರುತಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ವಾಟ್ಸಾಪಿನಲ್ಲಿ ಕಳಿಸಿದ ಪಾರ್ಟಿ ಹಾಲ್‌ನವರ ಕೊಟೇಶನ್ ನೋಡಿದೆ. ಅರವತ್ತು ಜನಕ್ಕೆ ತಲಾ 550ರಂತೆ ಊಟ 33,000, ಬಲೂನು-ಬ್ಯಾನರಿನ ಅಲಂಕಾರ 12,000, ಮಕ್ಕಳಿಗೆ ಆಟ ಆಡಿಸುವ ಆಂಕರ್‌ಗೆ 6,000, ಕೇಕು 3,500, ಮೂವತ್ತು ಮಕ್ಕಳಿಗೆ ರಿಟರ್ನ್ ಗಿಫ್ಟು 7,500. ಕೂಡಿದರೆ 62,000. ‘ಜಾಸ್ತಿ ಆಯ್ತಾ ದೊಡ್ಡಮ್ಮ?’ ಅಂತ ಕೇಳಿದ್ದೀಯ. ಆಯಿತು. ಸೊಸೈಟಿಯಲ್ಲಿ ಲೆಕ್ಕ ಬರೆದು ಬದುಕಿದವಳು ನಾನು. ಬಲೂನಿನಲ್ಲಿ ಸಾವಿರ, ಕೇಕಿನಲ್ಲಿ ಐನೂರು ಅಂತ ಚೌಕಾಶಿ ಮಾಡಿದರೆ ಈ ಪಟ್ಟಿ ಇಳಿಯುವುದಿಲ್ಲ. ಆ ಅರವತ್ತನ್ನು ಇಳಿಸು, ಉಳಿದದ್ದೆಲ್ಲ ತಾನಾಗಿ ಇಳಿಯುತ್ತದೆ.

ಇವತ್ತು ರಾತ್ರಿ ಊಟ ಮಾಡಿಸುವಾಗ ಪುಟ್ಟಿಯನ್ನೇ ಕೇಳು, ಯಾರ್ಯಾರನ್ನು ಕರೆಯೋಣ ಅಂತ. ಎಂಟೋ ಹತ್ತೋ ಹೆಸರು ಹೇಳುತ್ತಾಳೆ, ಅದರಲ್ಲಿ ಒಂದು ನಿಮ್ಮ ಗೇಟಿನ ಹತ್ತಿರ ಮಲಗುವ ನಾಯಿಯದಿದ್ದರೂ ಇರಬಹುದು. ಅವರನ್ನು, ಜೊತೆಗೆ ಬರುವ ತಾಯಿಯನ್ನೋ ತಂದೆಯನ್ನೋ ಕರೆದರೆ ಇಪ್ಪತ್ತು ಜನ. ನಿಮ್ಮ ಮನೆಕೆಲಸಕ್ಕೆ ಬರುವಾಕೆಯ ಮಗಳೂ ಪುಟ್ಟಿಯ ಜೊತೆ ಆಡುತ್ತಾಳಲ್ಲ, ಅವಳನ್ನೂ ಕರೆ. ಆದರೆ ಆಟಕ್ಕೆ ಕರೆ, ತಟ್ಟೆ ಎತ್ತುವುದಕ್ಕಲ್ಲ. ಇಷ್ಟು ಜನಕ್ಕೆ ನಿಮ್ಮ ಮನೆಯ ಹಾಲ್, ಬಾಲ್ಕನಿ ಸಾಕು. ನಾಲ್ಕರಿಂದ ಆರೂವರೆ ಅಂತ ಮುಗಿಯುವ ಹೊತ್ತನ್ನೂ ಬರೆದೇ ಕರೆ. ಆಗ ಊಟದ ಮಾತು ಏಳುವುದಿಲ್ಲ, ತಿಂಡಿಯಲ್ಲಿ ಮುಗಿಯುತ್ತದೆ. ಪುಟಾಣಿ ಇಡ್ಲಿ, ಜೊತೆಗೆ ಚುರುಮುರಿ. ಕ್ಯಾರೆಟ್ಟು, ಈರುಳ್ಳಿ, ಕೊತ್ತಂಬರಿ ಹೆಚ್ಚಿಟ್ಟುಕೊಂಡು, ಮಕ್ಕಳು ತಟ್ಟೆ ಹಿಡಿದು ನಿಂತ ಮೇಲೇ ಮಂಡಕ್ಕಿಗೆ ಕಲಸು. ಮೊದಲೇ ಕಲಸಿಟ್ಟರೆ ಮೆತ್ತಗಾಗಿ ಯಾರೂ ಮುಟ್ಟುವುದಿಲ್ಲ. ಕೇಕು ಒಂದೂವರೆ ಕೆಜಿ ಧಾರಾಳ. ಮಕ್ಕಳು ಮೇಲಿನ ಕ್ರೀಮು ನೆಕ್ಕಿ ಕೆಳಗಿನದನ್ನು ಬಿಡುತ್ತಾರೆ, ನೀನೇ ನೋಡಿದ್ದೀಯ.

ಮೇಣದ ಬತ್ತಿ ಆರಿಸುವುದು ನಿಮ್ಮ ಅತ್ತೆಯವರಿಗೆ ಹಿಡಿಸುವುದಿಲ್ಲ ಅಂದೆ. ಅದಕ್ಕೆ ಜಗಳ ಬೇಡ. ಪುಟ್ಟಿಯ ಜನ್ಮನಕ್ಷತ್ರದ ದಿನ ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕಿ, ಆರತಿ ಎತ್ತಿ, ಹೆಸರುಬೇಳೆ ಪಾಯಸ ಮಾಡಿ ಬೆಂಗಳೂರಿನಲ್ಲಿರುವ ನಮ್ಮವರನ್ನೆಲ್ಲ ಅವತ್ತೇ ಕರೆದುಬಿಡು. ಸಂಜೆಯ ಗಲಾಟೆ ಮಕ್ಕಳದಾಗಿರಲಿ.

ಇನ್ನು ಉಡುಗೊರೆ. ಖರ್ಚಿಗಿಂತ ನಿನ್ನನ್ನು ಹೆಚ್ಚು ಕಾಡುತ್ತಿರುವುದು ಇದೇ ಅಂತ ನನಗೆ ಗೊತ್ತು. ಎದುರು ಮನೆಯವರು ಹೋದ ವರ್ಷ ಎರಡು ಸಾವಿರದ ಬೊಂಬೆಮನೆ ಕೊಟ್ಟರು, ಈಗ ಅವರ ಮಗನಿಗೆ ಏನು ಕೊಡಲಿ ಅನ್ನುವ ಸಂಕಟ. ನಮ್ಮ ಮನೆಗಳಲ್ಲಿ ಮದುವೆ, ಮುಂಜಿಗೆ ಮುಯ್ಯಿ ಪುಸ್ತಕ ಇರುತ್ತಿತ್ತು. ಯಾರು 51 ಹಾಕಿದರು, ಯಾರು 101 ಅಂತ ಬರೆದಿಟ್ಟು, ಅವರ ಮನೆ ಕಾರ್ಯಕ್ಕೆ ಹೊರಡುವ ಮುಂಚೆ ತೆಗೆದು ನೋಡುತ್ತಿದ್ದರು. ಮದುವೆ ಒಂದು ಮನೆಗೆ ಎಷ್ಟು ಸಲ ಬರುತ್ತದೆ? ಹುಟ್ಟುಹಬ್ಬ ಪ್ರತಿ ವರ್ಷ ಬರುತ್ತದೆ, ಆ ಪುಸ್ತಕ ಇಲ್ಲಿ ನಡೆಯುವುದಿಲ್ಲ. ತರಗತಿಯ ಇಪ್ಪತ್ತೈದು ಮಕ್ಕಳಿಗೆ ತಲಾ 500 ಅಂದರೂ ವರ್ಷಕ್ಕೆ 12,500 ಆಯಿತು. ಅದೇ ಪಾಡು ನೀನು ಕರೆದವರದ್ದೂ. ನೀನು 250ರ ರಿಟರ್ನ್ ಗಿಫ್ಟು ಕೊಟ್ಟರೆ, ನಿನಗಿಂತ ಕಡಿಮೆ ಸಂಬಳದ ಇನ್ನೊಬ್ಬ ತಾಯಿ ತನ್ನ ಮಗುವಿನ ಹುಟ್ಟುಹಬ್ಬಕ್ಕೆ 300ರದ್ದು ಹುಡುಕುತ್ತಾಳೆ.

ಹಾಗಾಗಿ ಒಂದು ಮೊತ್ತ ಗೊತ್ತುಮಾಡಿಕೋ, 200 ಅಂದುಕೋ. ಮ್ಯಾನೇಜರ ಮಗುವಾದರೂ ಅಷ್ಟೇ, ವಾಚ್‌ಮನ್ನನ ಮಗುವಾದರೂ ಅಷ್ಟೇ. ಬೊಂಬೆಮನೆ ಕೊಟ್ಟವರಿಗೂ ಅಷ್ಟೇ. ನವಕರ್ನಾಟಕದವರದ್ದೋ ನ್ಯಾಷನಲ್ ಬುಕ್ ಟ್ರಸ್ಟಿನದ್ದೋ ಮಕ್ಕಳ ಪುಸ್ತಕಗಳನ್ನು ಒಟ್ಟಿಗೆ ತಂದು ಬೀರುವಿನಲ್ಲಿ ಇಟ್ಟುಕೊಂಡರೆ ಸಂಜೆ ಆರಕ್ಕೆ ಅಂಗಡಿಗೆ ಓಡಿ ಕೈಗೆ ಸಿಕ್ಕಿದ ಪ್ಲಾಸ್ಟಿಕ್ ಕಾರು ಕಟ್ಟಿಸುವುದು ತಪ್ಪುತ್ತದೆ. ರಿಟರ್ನ್ ಗಿಫ್ಟಿಗೆ ಚನ್ನಪಟ್ಟಣದ ಬುಗುರಿ ನೋಡು. ಲೇತಿಗೆ ಕೊಟ್ಟ ಆಲೆ ಮರದ ತುಂಡು ಗಿರಗಿರ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುತ್ತಾರೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಮೈಸೂರು ರಸ್ತೆಯಲ್ಲಿ ಹೋಗುವಾಗ ತಂದರಾಯಿತು. ಒಂದು ಮಗುವಿಗೆ ಒಂದು ಸಾಕು.

ಕರೆಯೋಲೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಅಂತ ಹಾಕಬೇಡ. ಯಾರೂ ಅದನ್ನು ನಂಬುವುದಿಲ್ಲ, ನಂಬಿ ಬರಿಗೈಯಲ್ಲಿ ಬಂದವರು ಉಳಿದವರ ಕೈ ನೋಡಿ ಮುದುಡಿಕೊಳ್ಳುತ್ತಾರೆ. ‘ಏನಾದರೂ ತರಲೇಬೇಕು ಅನ್ನಿಸಿದರೆ ನಿಮ್ಮ ಮಗು ಓದಿ ಮುಗಿಸಿದ ಒಂದು ಪುಸ್ತಕ ತನ್ನಿ’ ಅಂತ ನೇರವಾಗಿ ಬರೆ. ಅಜ್ಜಿ-ತಾತ, ಸೋದರಮಾವ ಇವರಿಗೆ ಮಾತ್ರ ಬೇಡ ಅನ್ನಬಾರದು, ನೊಂದುಕೊಳ್ಳುತ್ತಾರೆ. ಅವರು ಕವರಿನಲ್ಲಿಟ್ಟು ಕೊಟ್ಟದ್ದು ಆ ತಿಂಗಳ ತರಕಾರಿಗೆ ಕರಗದಂತೆ ಪೋಸ್ಟಾಫೀಸಿನಲ್ಲಿ ಪುಟ್ಟಿಯ ಹೆಸರಿಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆ. 2015ರಲ್ಲಿ ಶುರುವಾದ ಯೋಜನೆ ಅದು. ಹೆಣ್ಣುಮಗುವಿಗೆ ಹತ್ತು ತುಂಬುವುದರೊಳಗೆ ತೆರೆಯಬೇಕು. ವರ್ಷಕ್ಕೆ 250 ಕಟ್ಟಿದರೂ ಖಾತೆ ಜೀವಂತ, ಹದಿನೈದು ವರ್ಷ ಕಟ್ಟಿದರೆ ಸಾಕು, ಖಾತೆ ತೆರೆದು ಇಪ್ಪತ್ತೊಂದು ವರ್ಷಕ್ಕೆ ಕೈಗೆ ಬರುತ್ತದೆ. ‘ನೀವು ಕೊಟ್ಟದ್ದು ಅಲ್ಲಿಗೆ ಹಾಕಿದೆ’ ಅಂತ ಪಾಸ್‌ಬುಕ್ಕಿನ ಫೋಟೋ ಕಳಿಸಿದರೆ ನಿಮ್ಮ ಮಾವನವರು ಊರಿಗೆಲ್ಲ ತೋರಿಸಿಕೊಂಡು ಬರುತ್ತಾರೆ.

ಬಂದದ್ದನ್ನು ಅವರೆದುರು ಬಿಚ್ಚಬೇಡ. ‘ಇದು ನಮ್ಮನೇಲಿ ಇದೆ’ ಅಂತ ಪುಟ್ಟಿ ಅಂದೇ ಅನ್ನುತ್ತಾಳೆ. ರಾತ್ರಿ ಬಿಚ್ಚಿ, ಯಾರದ್ದು ಏನು ಅಂತ ಬರೆದಿಟ್ಟು, ವಾರದೊಳಗೆ ಅವಳ ಕೈಯಲ್ಲೇ ಫೋನ್ ಮಾಡಿಸು. ಎರಡೆರಡು ಬಂದದ್ದನ್ನು ಬೇರೆಯವರಿಗೆ ದಾಟಿಸುವುದರಲ್ಲಿ ತಪ್ಪೇನಿಲ್ಲ. ಒಳಗೆ ಸಿಕ್ಕಿಸಿದ ಚೀಟಿ ತೆಗೆ, ಅದೇ ಬಳಗದಲ್ಲಿ ತಿರುಗಿಸಬೇಡ, ಅಷ್ಟೇ. ನಮ್ಮ ಬಳಗದಲ್ಲಿ ಒಂದು ಹಾಟ್‌ಬಾಕ್ಸ್ ಸೆಟ್ ಪೆಟ್ಟಿಗೆ ಬಿಚ್ಚದೆಯೇ ಮೂರು ಗೃಹಪ್ರವೇಶ ಕಂಡಿದೆ. ಹಿಂದಿನವರು ಇದಕ್ಕೇ ಇರಬೇಕು, ಸ್ಟೀಲ್ ಪಾತ್ರೆ ಕೊಡುವಾಗ ಅಂಗಡಿಯಲ್ಲೇ ಜರ್ರ್ ಅಂತ ಹೆಸರು ಕೆತ್ತಿಸಿ ಕೊಡುತ್ತಿದ್ದರು!

ಅಲಂಕಾರದವನು ಥರ್ಮಕೋಲಿನ ಅಕ್ಷರ, ಪ್ಲಾಸ್ಟಿಕ್ ಕಡ್ಡಿಯ ಬಲೂನು ಅಂದಿದ್ದಾನೆ. 2022ರ ಜುಲೈ 1ರಿಂದ ಅವೆರಡೂ ನಿಷೇಧ, ಪ್ಲಾಸ್ಟಿಕ್ ತಟ್ಟೆ-ಲೋಟವೂ. ಅವನನ್ನು ಬಿಟ್ಟು ಪುಟ್ಟಿಯ ಕೈಗೆ ಬಣ್ಣದ ಕಾಗದ, ಗೋಂದು ಕೊಡು. ಅಡಿಕೆ ಹಾಳೆ ತಟ್ಟೆ ಇಲ್ಲಿಂದ ನಾನು ಬಸ್ಸಿಗೆ ಹಾಕುತ್ತೇನೆ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಅಳಿಯಂದಿರು ಇಳಿಸಿಕೊಳ್ಳಲಿ. ಸಣ್ಣದು ಎಷ್ಟು, ದೊಡ್ಡದು ಎಷ್ಟು ಬೇಕು ಅಂತ ಶುಕ್ರವಾರದೊಳಗೆ ತಿಳಿಸು.

ಇತಿ,
ನಿನ್ನ ದೊಡ್ಡಮ್ಮ