ಈಶಾನನ ಎಂಟು ಅಕ್ಷರಗಳ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ, ಮಗುವಿನ ಹೆಸರನ್ನು ನೀನು ಇಂಗ್ಲಿಷಿನಲ್ಲಿ ಬರೆಯಹೊರಟಿರುವ ರೀತಿಗೆ ನಾನು ತಕರಾರು ತೆಗೆದಾಗ, "ಅಪ್ಪಾ, ಇದು ನನ್ನ ಮಗನ ಹೆಸರು, ನಿಮ್ಮ ರಿಜಿಸ್ಟರಿನ ನಮೂದಲ್ಲ" ಎಂದು ಹೇಳಿ ಮಾತು ನಿಲ್ಲಿಸಿಬಿಟ್ಟೆ. ಸೋಮವಾರ ನೀವಿಬ್ಬರೂ ಜನನ ನೋಂದಣಿಯ ಅರ್ಜಿ ಕೊಡುವವರಿದ್ದೀರಿ. ಮತ್ತೆ ಫೋನು ಮಾಡಿದರೆ ಮಾತಿಗೆ ಮಾತು ಬೆಳೆದೀತೆಂದು ಬರೆಯಲು ಕುಳಿತಿದ್ದೇನೆ. ನನ್ನ ದನಿ ಏರಿದ್ದಕ್ಕೆ ಬೇಸರವಿದೆ. ಬಾಣಂತಿಯ ಹತ್ತಿರ ಹಾಗೆಲ್ಲ ಮಾತನಾಡುವುದೇ ಎಂದು ನಿನ್ನ ಅಮ್ಮನೂ ಸಾಕಷ್ಟು ಹೇಳಿದ್ದಾಳೆ. ಆದರೆ ಹೇಳಿದ ವಿಷಯವನ್ನು ಹಿಂದೆ ತೆಗೆದುಕೊಳ್ಳುವ ಮನಸ್ಸು ನನಗಿಲ್ಲ.

ಹೆಸರಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ಈಶಾನ್ ಎಂಬುದು ಕೂಗಿ ಕರೆಯುವುದಕ್ಕೂ ಹಿತ, ಮುಂದೆ ದೊಡ್ಡವನಾದ ಮೇಲೂ ಗೌರವವಾಗಿ ಕೇಳಿಸುವ ಹೆಸರು. ಕನ್ನಡದಲ್ಲಿ ದೀರ್ಘ ಈ, ಶಾ, ಕೊನೆಗೊಂದು ನಕಾರ, ಅಲ್ಲಿಗೆ ಮುಗಿಯಿತು. ತಂಟೆಯೆಲ್ಲ ಇಂಗ್ಲಿಷ್ ಅಕ್ಷರಗಳದ್ದು. ಸಾಮಾನ್ಯವಾಗಿ ಜನ ಐ, ಎಸ್, ಎಚ್, ಎ, ಎನ್ ಎಂದು ಬರೆಯುತ್ತಾರೆ, ಕೆಲವರು ಇನ್ನೊಂದು ಎ ಸೇರಿಸುತ್ತಾರೆ. ನೀನು ಆರಿಸಿರುವುದು ಇ, ವೈ, ಎಸ್, ಎಚ್, ಎರಡು ಎ, ಎರಡು ಎನ್. ಅದೇ ಹೆಸರಿನ ಹತ್ತು ಜನರ ನಡುವೆ ನಮ್ಮ ಹುಡುಗ ಕಳೆದುಹೋಗಬಾರದು, ಇಮೇಲ್ ವಿಳಾಸ ತೆರೆಯಲು ಹೋದರೆ ಹೆಸರಿನ ಹಿಂದೆ ಅಂಕಿ ಅಂಟಿಸಿಕೊಳ್ಳುವ ಪರಿಸ್ಥಿತಿ ಬರಬಾರದು ಎಂಬ ನಿನ್ನ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಒಂದೇ ಹೆಸರಿನ ಇಬ್ಬರ ಕಡತಗಳು ಅದಲುಬದಲಾದದ್ದನ್ನು ನಾನೂ ನೋಡಿದ್ದೇನೆ. ನಿದ್ದೆಗೆಟ್ಟ ಈ ದಿನಗಳಲ್ಲೂ ನೀನು ಇಷ್ಟೆಲ್ಲ ಕೂತು ಯೋಚಿಸಿದ್ದೀಯಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು.

ಆದರೆ ನನ್ನ ಭಯದ ಬೇರು ಬೇರೆಲ್ಲೋ ಇದೆ. ಶಾಲೆಯ ಕಚೇರಿಯಲ್ಲಿ ನಾನು ದಾಖಲಾತಿ ಪುಸ್ತಕ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗ ವರ್ಗಾವಣೆ ಪತ್ರಕ್ಕೆಂದು ತಂದೆಯ ಜೊತೆ ಬಂದಿದ್ದ. ಅವನ ನಿಜವಾದ ಹೆಸರು ಬೇಡ, ರೋಹಿತ್ ಎಂದಿಟ್ಟುಕೋ. ನಡುವೆ ಐ ಬದಲು ವೈ, ಕೊನೆಯಲ್ಲಿ ಎರಡು ಟಿ. ಜನನ ಪ್ರಮಾಣಪತ್ರದಲ್ಲಿ ಹಾಗೆಯೇ ಇತ್ತು, ನಮ್ಮ ಪುಸ್ತಕದಲ್ಲೂ ಹಾಗೆಯೇ ಇತ್ತು. ಪರೀಕ್ಷೆಗೆ ಹೆಸರುಗಳ ಪಟ್ಟಿ ಕಳುಹಿಸುವಾಗ ಯಾರೋ ಒಂದು ಟಿ ಬಿಟ್ಟಿದ್ದರು; ಅಂಕಪಟ್ಟಿ ತಯಾರಾಗುವಾಗ ಇನ್ಯಾರೋ ವೈ ತೆಗೆದು ಐ ಹಾಕಿದ್ದರು. ಹುಡುಗ ಮೂರೂ ಕಾಗದಗಳನ್ನು ಮೇಜಿನ ಮೇಲೆ ಒಂದರ ಕೆಳಗೊಂದು ಹರಡಿ, ಒಂದೊಂದೇ ಅಕ್ಷರದ ಅಡಿಯಲ್ಲಿ ಉಗುರನ್ನು ಸರಿಸುತ್ತಾ ತೋರಿಸುತ್ತಿದ್ದ. ಎರಡನೆಯ ಟಿ ಇರಬೇಕಾದಲ್ಲಿ ಉಗುರು ಖಾಲಿ ಕಾಗದದ ಮೇಲೆ ನಿಂತಿತು. ಅಷ್ಟರಲ್ಲಿ ತಂದೆ "ಫಾರಂ ತುಂಬುವಾಗಲೇ ನೋಡಿಕೊಳ್ಳಬಾರದಿತ್ತೇ?" ಎಂದು ಎಲ್ಲರೆದುರು ಗದರಿದರು. ಹೆಸರಿಟ್ಟವರು ಅವರು, ಬೈಸಿಕೊಂಡವನು ಅವನು.

ಅಲ್ಲಿ ನಾನು ಕಂಡುಕೊಂಡ ಒಂದು ಸಂಗತಿಯನ್ನು ನಿನ್ನೆ ನಿನಗೆ ಸರಿಯಾಗಿ ಹೇಳಲಾಗಲಿಲ್ಲ. ವಿಚಿತ್ರ ಕಾಗುಣಿತದ ಹೆಸರನ್ನು ಕೆಡಿಸುವವರು ಉಡಾಫೆಯ ನೌಕರರಲ್ಲ. ಉಡಾಫೆಯವನು ಮುಂದಿರುವ ಕಾಗದವನ್ನು ನೋಡಿ ಇದ್ದುದನ್ನು ಇದ್ದ ಹಾಗೆ ನಕಲು ಮಾಡುತ್ತಾನೆ. ಶ್ರದ್ಧೆಯಿಂದ ಕೆಲಸ ಮಾಡುವವನು ಮಾತ್ರ, ಪಾಪ, ಯಾರೋ ಕೈತಪ್ಪಿ ಎರಡು ಟಿ ಬರೆದಿದ್ದಾರೆ ಎಂದುಕೊಂಡು ಒಂದನ್ನು ತೆಗೆದುಹಾಕುತ್ತಾನೆ. ಅವನ ಲೆಕ್ಕದಲ್ಲಿ ಅದು ಉಪಕಾರ. ಹೀಗೆ ಉಪಕಾರ ಮಾಡುವವರು ನಿನ್ನ ಮಗನಿಗೆ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಸಿಗುತ್ತಲೇ ಇರುತ್ತಾರೆ. ಎರಡು ಕಾಗದಗಳ ನಡುವೆ ಒಂದಕ್ಷರ ವ್ಯತ್ಯಾಸ ಬಂದರೆ ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಿ ಸಾಬೀತು ಮಾಡುವ ಹೊಣೆ ಉಪಕಾರ ಮಾಡಿದವನ ಮೇಲೆ ಬೀಳುವುದಿಲ್ಲ, ಹೆಸರು ಹೊತ್ತವನ ಮೇಲೆ ಬೀಳುತ್ತದೆ.

ಕಂಪ್ಯೂಟರು ಇದೆಯಲ್ಲ, ಹುಡುಕಿದರೆ ಸಿಗುತ್ತದೆ ಎಂದು ನೀನು ಹೇಳಿದೆ. ಉಚ್ಚಾರ ಒಂದೇ ಆಗಿದ್ದು ಕಾಗುಣಿತ ಬೇರೆಯಾದ ಹೆಸರುಗಳನ್ನು ಒಟ್ಟಿಗೆ ಹುಡುಕುವ ವಿಧಾನಗಳು ಬಹಳ ಹಿಂದಿನಿಂದಲೂ ಇವೆ. ಸೌಂಡೆಕ್ಸ್ ಎಂಬುದಕ್ಕೆ ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲೇ ಪೇಟೆಂಟ್ ಪಡೆದಿದ್ದರು. ಹೆಸರಿನ ಮೊದಲ ಅಕ್ಷರವನ್ನು ಹಾಗೆಯೇ ಇಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಟ್ಟು, ನಡುವಿನ ಸ್ವರಗಳನ್ನೂ ಎಚ್, ವೈಗಳಂಥ ಅಕ್ಷರಗಳನ್ನೂ ಕೈಬಿಟ್ಟು, ಅಂಕಿ ಮೂರಕ್ಕಿಂತ ಕಡಿಮೆಯಾದರೆ ಸೊನ್ನೆ ತುಂಬುವುದು ಈಗ ಬಳಕೆಯಲ್ಲಿರುವ ಅದರ ಕ್ರಮ. ಒಂದೇ ವ್ಯಂಜನ ಜೋಡಿಯಾಗಿ ಬಂದರೆ ಒಂದೇ ಎಂದು ಎಣಿಸುತ್ತದೆ. ನಿನ್ನೆ ನೀನು ಫೋನಿಟ್ಟ ಮೇಲೆ ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಸಾಮಾನ್ಯ ಈಶಾನನಿಗೆ ಐ 250 ಬರುತ್ತದೆ, ನಿನ್ನ ಈಶಾನನಿಗೆ ಇ 250. ಅಂಕಿಗಳು ಒಂದೇ, ಮೊದಲ ಅಕ್ಷರ ಮಾತ್ರ ಬೇರೆ. ಅಂದರೆ ನೀನು ಎಷ್ಟೇ ಎ, ಎಷ್ಟೇ ಎನ್ ಸೇರಿಸಿದರೂ ಆ ವಿಧಾನ ಅವನನ್ನು ಹುಡುಕಿ ಕೊಡುತ್ತದೆ. ಮೊದಲ ಅಕ್ಷರವನ್ನು ಬದಲಿಸಿದೆಯಾದರೆ ಅವನು ಬೇರೆಯ ಕಪಾಟಿಗೇ ಹೋಗುತ್ತಾನೆ. ಮನುಷ್ಯರ ಕಥೆಯೂ ಅಷ್ಟೆ. ಹೆಸರು ಕೇಳಿಸಿಕೊಂಡವನು ಪಟ್ಟಿಯಲ್ಲಿ ಐ ಅಕ್ಷರದ ಕೆಳಗೆ ಹುಡುಕಿ, ಇಲ್ಲವೆಂದು ತಲೆಯಾಡಿಸಿ ಕಳುಹಿಸುತ್ತಾನೆ. ಹೆಸರು ಕೇಳದೆ ಬರಹ ಮಾತ್ರ ನೋಡಿದವನು ಐಶಾನ್ ಎನ್ನುತ್ತಾನೆ, ಇಲ್ಲವೇ ಏಶಾನ್ ಎನ್ನುತ್ತಾನೆ. ತರಗತಿಯ ಮಕ್ಕಳು ಅದನ್ನು ಏಶಿಯನ್ ಮಾಡುವುದಕ್ಕೆ ಒಂದು ವಾರ ಸಾಕು.

ಅಳಿಯಂದಿರು ನಡುವೆ ಒಂದು ಅಪಾಸ್ಟ್ರಫಿ ಹಾಕೋಣವೆಂದಿದ್ದರೆಂದೂ ನೀನೇ ಬೇಡವೆಂದೆಯೆಂದೂ ಅಮ್ಮ ಹೇಳಿದಳು. ಒಳ್ಳೆಯ ಕೆಲಸ ಮಾಡಿದೆ. ಪಾಸ್‌ಪೋರ್ಟಿನಲ್ಲಿ ಭಾವಚಿತ್ರವಿರುವ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ, ಒಂದೊಂದರಲ್ಲಿ 44 ಸ್ಥಾನ. ಹೆಸರಿಗೆ ಸಿಗುವುದು 39, ಅದರಲ್ಲಿ ಎ ಇಂದ ಜೆಡ್‌ವರೆಗಿನ ಅಕ್ಷರಗಳಿಗೂ ಖಾಲಿ ಜಾಗ ತುಂಬುವ ಒಂದು ಚಿಹ್ನೆಗೂ ಬಿಟ್ಟು ಇನ್ನಾವುದಕ್ಕೂ ಪ್ರವೇಶವಿಲ್ಲ. ಅಪಾಸ್ಟ್ರಫಿ ಅಲ್ಲಿ ಮಾಯವಾಗುತ್ತದೆ, ಆಮೇಲೆ ಮೇಲಿನ ಹೆಸರಿಗೂ ಕೆಳಗಿನ ಹೆಸರಿಗೂ ಹೊಂದಿಕೆಯಿಲ್ಲವೆಂದು ವಿಮಾನದ ಟಿಕೆಟ್ಟಿನಲ್ಲಿ ಇನ್ನೊಂದು ರಗಳೆ ಶುರುವಾಗುತ್ತದೆ. ನಿನ್ನ ಎಂಟು ಅಕ್ಷರಗಳಿಗೆ ಆ ತೊಂದರೆಯಿಲ್ಲ ಎಂಬುದನ್ನು ಒಪ್ಪುತ್ತೇನೆ. ಸ್ವೀಡನ್ನಿನಲ್ಲಿ 1996ರಲ್ಲಿ ಒಬ್ಬ ದಂಪತಿ 43 ಅಕ್ಷರ ಮತ್ತು ಅಂಕಿಗಳ ಸರಮಾಲೆಯೊಂದನ್ನು ಮಗನ ಹೆಸರೆಂದು ಕೊಟ್ಟು, ಅದನ್ನು ಅಲ್ಬಿನ್ ಎಂದು ಓದಬೇಕೆಂದಿದ್ದರು, ಅಧಿಕಾರಿಗಳು ಒಪ್ಪಲಿಲ್ಲ. ನಿನ್ನನ್ನು ಅವರ ಸಾಲಿಗೆ ಸೇರಿಸುತ್ತಿಲ್ಲ. ಜಪಾನಿನಲ್ಲಂತೂ ಬರೆದ ಲಿಪಿಗೂ ಓದುವ ರೀತಿಗೂ ಸಂಬಂಧವೇ ಇಲ್ಲದ ಹೆಸರುಗಳು ಹೆಚ್ಚಾಗಿ, 2025ರ ಮೇ ತಿಂಗಳಿಂದ ಕುಟುಂಬ ನೋಂದಣಿಯಲ್ಲಿ ಉಚ್ಚಾರವನ್ನೂ ದಾಖಲಿಸಬೇಕು, ಅದು ಜನಸಾಮಾನ್ಯರು ಒಪ್ಪುವಂತಿರಬೇಕು ಎಂಬ ನಿಯಮವೇ ಬಂತು. ಓದುವವನಿಗೆ ಗೊತ್ತಾಗಬೇಕೆಂಬುದು ನಿನ್ನ ಅಪ್ಪನೊಬ್ಬನ ಗುಮಾಸ್ತ ಬುದ್ಧಿಯಲ್ಲ ಎಂದು ತಿಳಿಯಲಿ ಎಂದಷ್ಟೇ ಇದನ್ನು ಬರೆದೆ.

ಪಾಠ ಮಾಡುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟು ಬರೆಯಲು ಕುಳಿತವನು ನಾನು. ಇರಲಿ. ಮತ್ತೆ ಆ ಹುಡುಗನೇ ನೆನಪಿಗೆ ಬರುತ್ತಾನೆ. ಹೊರಡುವಾಗ ಅವನು ನನ್ನನ್ನು, "ಸಾರ್, ಸುಮ್ಮನೆ ಒಂದೇ ಟಿ ಇಟ್ಟುಕೊಂಡುಬಿಡಲೇ?" ಎಂದು ಕೇಳಿದ. ನಾನು ಉತ್ತರಿಸುವ ಮೊದಲೇ ಅವನ ತಂದೆ ಬೇಡವೆಂದರು. ಆ ಎರಡನೆಯ ಟಿ ಯಾರಿಗೆ ಬೇಕಾಗಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಿನ್ನ ಮಗ ನಾಳೆ ಅಂಥದೊಂದು ಮೇಜಿನ ಮುಂದೆ ನಿಂತು, ಎಂಟು ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿ, ಇನ್ನೊಮ್ಮೆ ಹೇಳಿ, ಬರೆದುಕೊಂಡವರ ಮುಖ ನೋಡುತ್ತಾ ನಿಂತಾಗ ನಾವ್ಯಾರೂ ಪಕ್ಕದಲ್ಲಿರುವುದಿಲ್ಲ. ಅವನಿಗೆ ಅದು ತಮಾಷೆಯಾಗಿಯೇ ಕಾಣಬಹುದು. ನಿನ್ನ ಮಗನಲ್ಲವೇ, ನಗುತ್ತಲೇ ನಿಭಾಯಿಸಬಹುದು. ನನ್ನ ಮನಸ್ಸು ಮಾತ್ರ ಒಳ್ಳೆಯದನ್ನು ಮೊದಲು ಊಹಿಸುವ ಜಾಯಮಾನದ್ದಲ್ಲ.

ಹಾಗಾಗಿ ಕೇಳುವುದು ಇಷ್ಟೇ. ವಿಶೇಷವಾಗಿರಬೇಕೆಂಬ ನಿನ್ನ ಆಸೆಯನ್ನು ಕೊನೆಯ ಎರಡು ಎನ್‌ಗಳಲ್ಲಿ ಉಳಿಸಿಕೋ, ಬೇಕಾದರೆ ಎರಡು ಎ ಕೂಡ ಇರಲಿ, ಆರಂಭಕ್ಕೆ ಮಾತ್ರ ಐ ಇಡು. ಆಗಲೂ ಅಪರೂಪದ ಹೆಸರೇ, ಇಮೇಲಿಗೂ ಬಹುಶಃ ಸಿಗುತ್ತದೆ, ಓದುವವನ ನಾಲಿಗೆಯೂ ಎಡವುವುದಿಲ್ಲ. ಇಲ್ಲ, ಇ ಮತ್ತು ವೈ ಇರಲೇಬೇಕು ಎಂದು ನೀವಿಬ್ಬರೂ ತೀರ್ಮಾನಿಸಿದರೆ ನಾನು ಇನ್ನೊಮ್ಮೆ ಈ ವಿಷಯ ಎತ್ತುವುದಿಲ್ಲ. ಆದರೆ ಆಗ ಪ್ರಮಾಣಪತ್ರದ ಕರಡನ್ನು ಒಪ್ಪುವ ಮೊದಲು ಅಳಿಯಂದಿರು ಅಕ್ಷರಗಳನ್ನು ಹಿಂದಿನಿಂದ ಮುಂದಕ್ಕೆ ಒಮ್ಮೆ ಓದಲಿ. ಎಡದಿಂದ ಓದಿದರೆ ಕಣ್ಣು ತನಗೆ ಗೊತ್ತಿರುವ ಹೆಸರನ್ನೇ ಓದಿಬಿಡುತ್ತದೆ, ತಪ್ಪು ಸಿಗುವುದಿಲ್ಲ. ಕಚೇರಿಯಲ್ಲಿ ನಾವು ಪಾಲಿಸುತ್ತಿದ್ದ ಪದ್ಧತಿ ಅದು. ಲಸಿಕೆಯ ಕಾರ್ಡಿನಲ್ಲಿ ಆಸ್ಪತ್ರೆಯವರು ಈಗಾಗಲೇ ಏನು ಬರೆದಿದ್ದಾರೆಂದೂ ನೋಡಿಕೊಳ್ಳಿ, ಅದು ಬೇರೆಯಾಗಿದ್ದರೆ ಈಗಲೇ ತಿದ್ದಿಸಿ.

ಸೋಮವಾರ ಅರ್ಜಿ ಕೊಟ್ಟ ಮೇಲೆ ಅದರ ಫೋಟೋ ಒಂದನ್ನು ಕಳುಹಿಸು. ಅವನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯುವ ಫಾರಂ ತಂದಿಟ್ಟಿದ್ದೇನೆ, ಹೆಸರಿನ ಚೌಕಗಳನ್ನು ಇನ್ನೂ ತುಂಬಿಲ್ಲ. ನೀನು ಯಾವ ಅಕ್ಷರಗಳನ್ನು ಕಳುಹಿಸುತ್ತೀಯೋ ಅವನ್ನೇ ಬರೆಯುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ