ಗೋಡೆ ಮೇಲೆ ತೆವಳುವ ಬೂದು ಚೀಲದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ನಮ್ಮ ಮನೆಯ ಬಾತ್‌ರೂಮ್ ಗೋಡೆಯಲ್ಲಿ ಸೌತೆ ಬೀಜದಂಥ ಬೂದು ಚೀಲವೊಂದು ಮೆಲ್ಲಗೆ ತೆವಳುತ್ತಿತ್ತು. ನಿಮ್ಮಲ್ಲೂ ನೋಡಿರುತ್ತೀರಿ, ಅಲ್ವಾ? ಅದು ಕಸ ಅಲ್ಲ, ಫೆರಿಯೋಯಿಕಾ ಅನ್ನುವ ಪುಟ್ಟ ಪತಂಗದ ಮರಿಹುಳು. ತಾನೇ ನೂಲುವ ರೇಷ್ಮೆಗೆ ಧೂಳು, ಮರಳು, ಕೂದಲು ಅಂಟಿಸಿ 1 ಸೆಂಟಿಮೀಟರ್ ಆಸುಪಾಸಿನ ಚೀಲ ಕಟ್ಟಿಕೊಳ್ಳುತ್ತದೆ, ಎರಡೂ ತುದಿ ತೆರೆದಿರುವುದರಿಂದ ಯಾವ ಕಡೆಯಿಂದ ಬೇಕಾದರೂ ತಲೆ ಹೊರಗೆ ಹಾಕುತ್ತದೆ, ಲೆನ್ಸ್ ಹಿಡಿದು ನೋಡಿದೆ, ಕಂದು ತಲೆ, ಹಿಂದೆಯೇ ಮೂರು ಜೊತೆ ಕಾಲು, ಎಷ್ಟು ಚೆಂದ! ರೆಕ್ಕೆ ಬಂದ ಮೇಲೂ ಬೂದು ಬಣ್ಣವೇ. ಹೆಣ್ಣಿನ ಮುಂದಿನ ರೆಕ್ಕೆಯಲ್ಲಿ ಚುಕ್ಕೆಗಳಿರುತ್ತವೆ, ಬಿಚ್ಚಿದರೆ ಸುಮಾರು 10ರಿಂದ 13 ಮಿಲಿಮೀಟರ್.

ಮರಿಹುಳು ತಿನ್ನುವುದು ಜೇಡರ ಬಲೆ, ಉಣ್ಣೆ. ಕಚ್ಚುವುದಿಲ್ಲ, ಸುಮ್ನೆ ಔಷಧಿ ಹೊಡೆಯಬೇಡಿ. ಬಲೆ ಗುಡಿಸಿ, ಸ್ವೆಟರ್ ಮುಚ್ಚಿಡಿ, ಸಾಕು. ಕಂಡವರು ಫೋಟೋ ಹಾಕಿ.