ಪಿನಾಕಲ್ಸ್ ಪ್ರವಾಸ: ಊಟದ ಡಬ್ಬಿ ಕಟ್ಟುವ ಮುಂಚೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ಶನಿವಾರ ನಮ್ಮ ಕನ್ನಡ ಶಾಲೆಯ ಮಕ್ಕಳನ್ನು ಕ್ಯಾಲಿಫೋರ್ನಿಯಾದ ಪಿನಾಕಲ್ಸ್ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ನಿಮ್ಮಲ್ಲಿ ಒಂದು ಕೋರಿಕೆ. ಚಾಕೊಲೇಟು, ಸಣ್ಣ ಪ್ಯಾಕೆಟ್ಟಿನ ತಿಂಡಿ, ಬಿಸಾಡುವ ಬಾಟಲಿ ಯಾವುದೂ ಬೇಡ. ಚಿತ್ರಾನ್ನವೋ ಮೊಸರನ್ನವೋ, ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಡಿ.

ಕಾರಣ ಅಲ್ಲಿನ ಕ್ಯಾಲಿಫೋರ್ನಿಯಾ ಕಾಂಡೋರ್. ರೆಕ್ಕೆ ಬಿಚ್ಚಿದರೆ ಸುಮಾರು 3 ಮೀಟರ್ ಅಗಲವಾಗುವ ರಣಹದ್ದು. 1987ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದು ಬರೀ 27. ಅವನ್ನೆಲ್ಲ ಹಿಡಿದು, ಸಾಕಿ, ಮರಿ ಮಾಡಿಸಿ, ಮತ್ತೆ ಹೊರಗೆ ಬಿಟ್ಟರು. ಪಿನಾಕಲ್ಸ್‌ನಲ್ಲಿ 2003ರಿಂದ ಇವೆ. ಬೇಟೆಯಲ್ಲಿ ಸತ್ತ ಪ್ರಾಣಿಯ ಜೊತೆ ಹೊಟ್ಟೆಗೆ ಹೋಗುವ, ಗುಂಡಿನ ಸೀಸದ ಚೂರು ಇವನ್ನು ಕೊಲ್ಲುತ್ತದೆ. ನಮ್ಮ ಕಸವೂ ಅಷ್ಟೇ. ಬಾಟಲಿ ಮುಚ್ಚಳ, ಗಾಜಿನ ಚೂರನ್ನು ತಾಯಿ ತಂದೆ ಹಕ್ಕಿಗಳು ಎತ್ತಿಕೊಂಡು ಹೋಗಿ ಮರಿಗೆ ತಿನ್ನಿಸುತ್ತವೆ, ಮರಿ ಸಾಯಲೂಬಹುದು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲೂ ರಣಹದ್ದುಗಳ ಧಾಮವಿದೆ, ಅಲ್ವಾ? ಭಾರತದ ರಣಹದ್ದುಗಳನ್ನು ಕೊಂದಿದ್ದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ. ಈ ಮಾತನ್ನು ಮನೆಯಲ್ಲಿ ಮಕ್ಕಳಿಗೆ ಹೇಳಿ, ದಯವಿಟ್ಟು.

ಬಂಡೆಗಳ ಬಗ್ಗೆಯೂ ಕೇಳುತ್ತಾರೆ. ರಾಮನಗರದ ಬಂಡೆ ಗ್ರಾನೈಟ್. ಪಿನಾಕಲ್ಸ್‌ನ ಬಂಡೆಗಳು ಸುಮಾರು 2.3 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಯ ಉಳಿಕೆ. ಆ ಜ್ವಾಲಾಮುಖಿ ಇದ್ದದ್ದು ಇಲ್ಲಲ್ಲ, 300 ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ಈಗಿನ ಲ್ಯಾಂಕಾಸ್ಟರ್ ಊರಿನ ಹತ್ತಿರ! ಸ್ಯಾನ್ ಆಂಡ್ರಿಯಾಸ್ ಎಂಬ ಭೂಮಿಯ ಬಿರುಕಿನುದ್ದಕ್ಕೂ ನೆಲ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಜರುಗುತ್ತಾ ಅದರ ಒಂದು ಪಾಲನ್ನು ಇಲ್ಲಿಗೆ ತಂದಿದೆ. ಇನ್ನೊಂದು ಪಾಲು ಅಲ್ಲೇ ಉಳಿದಿದೆ. ನನಗೆ ಇದು ಎಷ್ಟು ಸಲ ಹೇಳಿದರೂ ಬೇಜಾರಾಗದ ಸಂಗತಿ.

ಸುತ್ತ ಒಣ ನೆಲ, ಕುರುಚಲು ಗಿಡ. ಹಾಗಂತ ಬರಡಲ್ಲ. ಸುಮಾರು 400 ಬಗೆಯ ಜೇನುನೊಣಗಳಿವೆ, ಹೆಚ್ಚಿನವು ಒಂಟಿಯಾಗಿ ಬದುಕುವಂಥವು.

ನೆರಳು ಕಡಿಮೆ. ಟೋಪಿ, ಉದ್ದ ಪ್ಯಾಂಟು, ಪ್ರತಿ ಮಗುವಿಗೆ 2 ಲೀಟರ್ ನೀರು ಇರಲಿ. ಬಿದ್ದ ಬಂಡೆಗಳ ನಡುವೆ ಆಗಿರುವ ಗುಹೆ ಹೊಕ್ಕಲು ಟಾರ್ಚ್ ಬೇಕೇ ಬೇಕು. ಒಳಗೆ ಬಾವಲಿಗಳಿರುತ್ತವೆ, ಕಿರುಚದಂತೆ ಮೊದಲೇ ಹೇಳಿಡಿ.

ಕಾರು ಓಡಿಸುವವರು ಹಾಲಿಸ್ಟರ್ ದಾರಿಯಲ್ಲೇ ಪೂರ್ವದ ಗೇಟಿಗೆ ಬನ್ನಿ. ಸೋಲೆಡಾಡ್ ಕಡೆಯಿಂದ ಬಂದರೆ ಪಶ್ಚಿಮದ ಗೇಟು ಸಿಗುತ್ತದೆ, ಅಲ್ಲಿಂದ ಪೂರ್ವಕ್ಕೆ ಪಾರ್ಕಿನೊಳಗೆ ಕಾರಿನ ರಸ್ತೆ ಇಲ್ಲ. ಒಳಗೆ ಫೋನ್ ಸಿಗ್ನಲ್ ನಂಬಬೇಡಿ, ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಳ್ಳಿ.

ಇಂತಿ,
ಮುಖ್ಯ ಶಿಕ್ಷಕಿ